ಕರೆಂಟ್ ಹೋದಾಗ ಸರ್ವರ್ ತಾನಾಗಿ ಶಟ್‌ಡೌನ್ ಆಗುವಂತೆ ಮಾಡಿದ ಬಗೆ

ತಿಪಟೂರಿನ ಕೊಬ್ಬರಿ ಮಂಡಿಯೊಂದರ ಲೆಕ್ಕಪತ್ರವೆಲ್ಲ ಇರುವ ನಮ್ಮ ಡೆಬಿಯನ್ (ಲಿನಕ್ಸ್ ಬಗೆಯ ಒಂದು ಕಾರ್ಯವ್ಯವಸ್ಥೆ) ಸರ್ವರ್, ಮಳೆಗಾಳಿಯ ಸಂಜೆಗಳಲ್ಲಿ ಕರೆಂಟ್ ಹೋದಾಗ ಯುಪಿಎಸ್ ಇದ್ದರೂ ಹಠಾತ್ತನೆ ನಿಂತುಹೋಗುತ್ತಿತ್ತು. ಎರಡನೆಯ ಸಲ ಡೇಟಾಬೇಸ್ ಕೆಟ್ಟಾಗ, ಇದನ್ನು ಸರಿಪಡಿಸಿಯೇ ಏಳಬೇಕೆಂದು ಕುಳಿತೆ.

ಯುಪಿಎಸ್‌ನ ಯುಎಸ್‌ಬಿ ಕೇಬಲನ್ನು ಸರ್ವರ್‌ಗೆ ಜೋಡಿಸಿ, ಯುಪಿಎಸ್‌ನ ಸ್ಥಿತಿಯನ್ನು ಗಮನಿಸುತ್ತಾ ಬ್ಯಾಟರಿ ಮುಗಿಯುವ ಮೊದಲೇ ಸರ್ವರನ್ನು ಶಟ್‌ಡೌನ್ ಮಾಡುವ ಎಪಿಸಿಯುಪಿಎಸ್‌ಡಿ ತಂತ್ರಾಂಶವನ್ನು ಹಾಕಿದೆ. ಅದರ ಕಾನ್ಫಿಗರೇಷನ್ ಫೈಲಿನಲ್ಲಿ ಕೇಬಲ್ ಮತ್ತು ಯುಪಿಎಸ್‌ನ ಬಗೆಯನ್ನು ಯುಎಸ್‌ಬಿ ಎಂದು ಬರೆದು, ‘ಡಿವೈಸ್’ ಸಾಲನ್ನು ಖಾಲಿ ಬಿಡಬೇಕು. ಅಲ್ಲಿ ಸೀರಿಯಲ್ ಪೋರ್ಟಿನ (ಹಳೆಯ ಬಗೆಯ ಕೇಬಲ್ ಕಿಂಡಿ) ಹೆಸರು ಉಳಿದಿದ್ದರಿಂದ ನನ್ನ ಅರ್ಧ ದಿನ ಹೋಯಿತು.

ನಿಜವಾದ ತೊಡಕು ಬೇರೆಡೆ ಇತ್ತು. ಬ್ಯಾಟರಿ 5 ಪ್ರತಿಶತಕ್ಕೆ ಇಳಿದಾಗ ಅಥವಾ 3 ನಿಮಿಷ ಉಳಿದಾಗ ಶಟ್‌ಡೌನ್ ಮಾಡು ಎಂಬ ಮೂಲ ಸೂಚನೆಯು ಆರೋಗ್ಯವಂತ ಬ್ಯಾಟರಿಗೆ ಸರಿ. ನಮ್ಮದು ನಾಲ್ಕು ವರ್ಷ ಹಳೆಯ ಲೆಡ್-ಆಸಿಡ್ ಬ್ಯಾಟರಿ, ಅದೂ ತಗಡಿನ ಮಾಡಿನ ಕೆಳಗಿನ ಸೆಕೆಯಲ್ಲಿ ಕಳೆದದ್ದು. ಸರ್ವರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ, ಯುಪಿಎಸ್‌ಗೆ ಎರಡು ಬಲ್ಬುಗಳನ್ನು ಜೋಡಿಸಿ ಪ್ಲಗ್ ಕಿತ್ತು ನೋಡಿದೆ: ಪರದೆಯಲ್ಲಿ 41 ಪ್ರತಿಶತ ಕಾಣುತ್ತಿದ್ದಾಗಲೇ ಬಲ್ಬುಗಳು ಆರಿದವು. ಆದ್ದರಿಂದ ಪ್ರತಿಶತವನ್ನು ನಂಬುವುದನ್ನು ಬಿಟ್ಟು, ‘ಟೈಮ್‌ಔಟ್’ ಮೌಲ್ಯವನ್ನು 0ಯಿಂದ (ಅಂದರೆ ಸಮಯದ ಮಿತಿ ಇಲ್ಲ) 180 ಸೆಕೆಂಡುಗಳಿಗೆ ಬದಲಿಸಿದೆ. ಈಗ ಬ್ಯಾಟರಿಯ ಮೇಲೆ ಮೂರು ನಿಮಿಷ ಕಳೆದೊಡನೆ ಶಟ್‌ಡೌನ್ ಆರಂಭವಾಗುತ್ತದೆ.

ಕರೆಂಟ್ ಮರಳಿದಾಗ ಯಂತ್ರ ತಾನೇ ಏಳಲು ಬಯಾಸ್‌ನಲ್ಲಿಯೂ (ಯಂತ್ರ ಶುರುವಾಗುವಾಗ ಮೊದಲು ಓಡುವ ಮೂಲ ತಂತ್ರಾಂಶ) ಅದಕ್ಕೆ ತಕ್ಕ ಆಯ್ಕೆಯನ್ನು ಆನ್ ಮಾಡಿದೆ. ಹೊಸ ಬ್ಯಾಟರಿ ಬಂದ ಮೇಲೂ 180 ಸೆಕೆಂಡುಗಳ ಮಿತಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.