ವರದಿ ಪುಟ ಕಟ್ಟುವ ಮುಂಚೆ

ತೀರ್ಥಹಳ್ಳಿಯಲ್ಲಿ ನನ್ನದು ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ. ಅಡಿಕೆ ಸೊಸೈಟಿಯ ವಾರ್ಷಿಕ ವರದಿ ಕಟ್ಟುವಾಗ ಮೊದಲು ಲೀಡಿಂಗ್ ನೋಡಿಕೊಳ್ಳಿ. ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕಿರುವ ಅಂತರವೇ ಲೀಡಿಂಗ್. ಇದನ್ನೂ ಅಕ್ಷರದ ಗಾತ್ರವನ್ನೂ ಪಾಯಿಂಟ್‌ನಲ್ಲಿ ಅಳೆಯುತ್ತೇವೆ; 72 ಪಾಯಿಂಟ್ ಅಂದರೆ ಒಂದು ಇಂಚು. ಇಂಗ್ಲಿಷಿನಲ್ಲಿ 12 ಪಾಯಿಂಟ್ ಅಕ್ಷರಕ್ಕೆ 14 ಲೀಡಿಂಗ್ ನಡೆಯುತ್ತದೆ. ಕನ್ನಡಕ್ಕೆ ಸಾಲದು. ಮೇಲಿನ ಸಾಲಿನಲ್ಲಿ 'ರಾಷ್ಟ್ರ' ಇದ್ದು, ಕೆಳಗೆ ಸರಿಯಾಗಿ 'ಕೀ' ಬಂದರೆ ಒತ್ತು ಹೋಗಿ ಗುಡಿಸಿಗೆ ತಾಗುತ್ತದೆ. ನಾನು 18 ಇಡುತ್ತೇನೆ. ಕಾಗದ ಜಾಸ್ತಿ ಆಯ್ತು ಅಂತ ಕಾರ್ಯದರ್ಶಿಗಳು ಗೊಣಗಲಿ ಬಿಡಿ.

ಮಾರ್ಜಿನ್ ಗೊತ್ತೇ ಇದೆ, ಸುತ್ತಲಿನ ಖಾಲಿ ಜಾಗ. ಬೈಂಡಿಂಗ್ ಕಡೆ ಬಿಡುವ ಹೆಚ್ಚಿನ ಜಾಗ ಗಟರ್. ಬಣ್ಣ ಅಂಚಿನವರೆಗೂ ಬೇಕಾ? ಕತ್ತರಿಸುವ ಗೆರೆಯಾಚೆ 3 ಮಿ.ಮೀ. ಚಾಚಿಸಿ, ಅದು ಬ್ಲೀಡ್.

ಕಿರಿದಾದ ಕಾಲಂನಲ್ಲಿ ಸುಮ್ನೆ ಜಸ್ಟಿಫೈ (ಸಾಲುಗಳನ್ನು ಎರಡೂ ಅಂಚಿಗೆ ಸಮ ಮಾಡುವುದು) ಒತ್ತಬೇಡಿ. ನಮ್ಮ ಪದಗಳು ಉದ್ದ ಅಲ್ವಾ, ನಡುವೆ ಕಂಡಿ ಬೀಳುತ್ತದೆ. ಎಡಕ್ಕೆ ಜೋಡಿಸಿ.