ಎರಡು ಕೆರಿಬಿಯನ್ ಕ್ರೂಸ್, ಒಂದೇ ರಜೆ: ಯಾವುದನ್ನ ಬುಕ್ ಮಾಡೋದು?

ಮುಂಬೈ ಮುಲುಂಡಿನ ನಮ್ಮ ಅಕ್ಕನ ಮನೆ ಡೈನಿಂಗ್ ಟೇಬಲ್ ಮೇಲೆ ಹೋದ ತಿಂಗಳು ಪೂರ್ತಿ ಎರಡು ಪ್ರಿಂಟೌಟ್ ಬಿದ್ದಿದ್ವು. ಒಂದರ ಮೇಲೆ ಸಾಂಬಾರಿನ ಕಲೆ, ಇನ್ನೊಂದರ ಮೇಲೆ ಭಾವನ ಪೆನ್ಸಿಲ್ ಲೆಕ್ಕ. ಮದುವೆಯಾಗಿ 30 ವರ್ಷ ಆಯ್ತು, ಮಗಳು ಸೆಟ್ಲ್ ಆದ್ಲು, ಈಗ್ಲಾದ್ರೂ ಇಬ್ರೇ ಒಂದು ಕಡೆ ಹೋಗೋಣ ಅಂತ ಹೊರಟು ಎರಡು ಕ್ರೂಸಿನ ಮಧ್ಯೆ ಸಿಕ್ಕಿ ಹಾಕ್ಕೊಂಡಿದ್ರು. ನಾನೂ ನನ್ನ ಹೆಂಡ್ತಿನೂ ಒಂದ್ಸಲ ಆ ಕಡೆ ಹೋಗಿ ಬಂದವ್ರು, ಹಾಗಾಗಿ ಪಂಚಾಯ್ತಿಗೆ ಕರೆ ಬಂತು. ಅವತ್ತು ನಾವು ಮಾಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೀತಿದೀನಿ, ನಿಮ್ಮ ಮನೇಲೂ ಇಂಥ ಎರಡು ಪ್ರಿಂಟೌಟ್ ಇದ್ರೆ ಉಪಯೋಗ ಆಗ್ಬಹುದು.

ಮೊದಲನೇದು ಮಯಾಮಿಯಿಂದ ಹೊರಟು ಮಯಾಮಿಗೇ ವಾಪಸ್ಸು, 7 ರಾತ್ರಿ, ಭಾರೀ ದೊಡ್ಡ ಹಡಗು, ಪಶ್ಚಿಮ ಕೆರಿಬಿಯನ್: ಮೆಕ್ಸಿಕೋದ ಕೋಝುಮೆಲ್, ಹೊಂಡುರಾಸಿನ ರೋವಟಾನ್, ಗ್ರ್ಯಾಂಡ್ ಕೇಮನ್. ಎರಡನೇದು ಪೋರ್ಟೊ ರಿಕೋದ ಸ್ಯಾನ್ ವಾನ್‌ನಿಂದ, ಅದೂ 7 ರಾತ್ರಿ, ಮಧ್ಯಮ ಗಾತ್ರದ ಹಡಗು: ಸೇಂಟ್ ಥಾಮಸ್, ಸೇಂಟ್ ಮಾರ್ಟನ್, ಆಂಟಿಗಾ, ಸೇಂಟ್ ಲೂಸಿಯಾ, ಬಾರ್ಬಡೋಸ್. ಅಕ್ಕನಿಗೆ ಮೊದಲನೇದು ಇಷ್ಟ. ಭಾವನಿಗೆ ಎರಡನೇದು, ಕಾರಣ ಒಂದೇ, ಬಾರ್ಬಡೋಸಿನ ಕೆನ್ಸಿಂಗ್ಟನ್ ಓವಲ್. 2024ರ ಜೂನ್ 29ಕ್ಕೆ ನಾವು ಟಿ20 ವರ್ಲ್ಡ್ ಕಪ್ ಗೆದ್ದ ಗ್ರೌಂಡ್ ಅದು. "ಸೂರ್ಯ ಕ್ಯಾಚ್ ಹಿಡಿದ ಜಾಗ ನೋಡ್ಬೇಕು ಮಾರಾಯಾ" ಅಂತ ಭಾವ.

ಹಡಗು ಬೇಕಾ, ದ್ವೀಪ ಬೇಕಾ?

ಇದನ್ನ ಮೊದ್ಲು ಕೇಳ್ಕೊಳ್ಳಿ, ರೇಟ್ ಆಮೇಲೆ ನೋಡಿ. 7 ರಾತ್ರಿ ಅಂದ್ರೆ ನಿಮ್ಮ ಕೈಗೆ ಸಿಗೋದು 6 ಪೂರ್ತಿ ದಿನ, ಹತ್ತೋ ದಿನ ಇಳಿಯೋ ದಿನ ಲೆಕ್ಕಕ್ಕಿಲ್ಲ. ಮೊದಲನೇ ಕ್ರೂಸಲ್ಲಿ ಆ ಆರರಲ್ಲಿ ಮೂರು ದಿನ ನೀರಿನ ಮೇಲೇ, ಎರಡನೇದ್ರಲ್ಲಿ ಒಂದೇ ದಿನ. ಒಂದು ಹಾಳೆ ತಗೊಂಡು ಆ 6 ದಿನ ಬರ್ದು, ಪ್ರತಿ ದಿನ ಬೆಳಿಗ್ಗೆ ಎದ್ದು ರಾತ್ರಿ ಮಲಗೋ ತನಕ ಏನು ಮಾಡ್ತೀರಿ ಅಂತ ಇಬ್ರೂ ಬೇರೆ ಬೇರೆ ಬರೀರಿ, ಒಬ್ರದ್ದು ಇನ್ನೊಬ್ರು ನೋಡ್ಬೇಡಿ. ಅಕ್ಕ ಬರೆದದ್ದು ಹೀಗಿತ್ತು: "ಬೆಳಿಗ್ಗೆ ಕಾಫಿ, ಬಾಲ್ಕನಿ. ಮಧ್ಯಾಹ್ನ ಊಟ, ನಿದ್ದೆ. ಸಂಜೆ ಯಾವುದಾದ್ರೂ ಶೋ. ಯಾರೂ ನನ್ನ ಅಡುಗೆ ಕೇಳ್ಬಾರ್ದು." ಭಾವನ ಹಾಳೇಲಿ ಐದು ಊರಿನ ಟೈಮ್‌ಟೇಬಲ್ಲೇ ಇತ್ತು, ಲೋಕಲ್ ಟ್ರೇನಿನ ಹಾಗೆ. ಸಮಸ್ಯೆ ಎಲ್ಲಿದೆ ಅಂತ ಅಲ್ಲೇ ಗೊತ್ತಾಯ್ತು.

ದೊಡ್ಡ ಹಡಗು ಅಂದ್ರೆ ಎಷ್ಟು ದೊಡ್ಡದು ಅಂತ ನಮಗೆ ಅಂದಾಜೇ ಇರಲ್ಲ. ಬ್ಯಾಲಾರ್ಡ್ ಪಿಯರ್‌ನಿಂದ ಗೋವಾಕ್ಕೆ ಹೋಗೋ ಕಾರ್ಡಿಲಿಯಾದ ಎಂಪ್ರೆಸ್ ಇದ್ಯಲ್ಲ, ಅದು 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಅನ್ನೋ ಹೆಸರಲ್ಲಿ ರಾಯಲ್ ಕೆರಿಬಿಯನ್‌ಗೆ ಓಡೋಕೆ ಶುರು ಮಾಡಿದ ಹಡಗು, ಸುಮಾರು 48,500 ಟನ್ನಿನದ್ದು. ಅದೇ ಕಂಪನಿ 2024ರ ಜನವರಿಯಲ್ಲಿ ಮಯಾಮಿಯಿಂದ ಬಿಟ್ಟ ಐಕಾನ್ ಆಫ್ ದಿ ಸೀಸ್ 2,48,663 ಟನ್, 20 ಡೆಕ್ (ಅಂದ್ರೆ ಮಹಡಿ), ತುಂಬಿದ್ರೆ 7,600 ಪ್ಯಾಸೆಂಜರ್ಸ್. ಅಂದ್ರೆ ನಮ್ಮ ಎಂಪ್ರೆಸ್ಸಿನ ಐದು ಪಟ್ಟು. ವಾಟರ್ ಪಾರ್ಕು, ಐಸ್ ಸ್ಕೇಟಿಂಗು ಎಲ್ಲಾ ಒಳಗೇ ಇರುತ್ತೆ, ಮಕ್ಕಳೂ ಅಷ್ಟೇ ಇರ್ತಾರೆ. ಚಿಕ್ಕ ಹಡಗಲ್ಲಿ ಗಲಾಟೆ ಕಮ್ಮಿ, ಆದ್ರೆ ಸಂಜೆ ಮೇಲೆ ಮಾಡೋಕೆ ಕೆಲಸನೂ ಕಮ್ಮಿ, ಅಲೆ ಬಂದ್ರೆ ಸ್ವಲ್ಪ ಜಾಸ್ತಿ ಅಲ್ಲಾಡುತ್ತೆ.

ಸಮುದ್ರ ನಿಮಗೆ ಒಗ್ಗುತ್ತಾ ಅಂತ ಗೊತ್ತಿಲ್ಲದಿದ್ರೆ ಲಕ್ಷಗಟ್ಲೆ ಸುರಿಯೋ ಮುಂಚೆ ಮಳೆಗಾಲ ಬಿಟ್ಟು ಬೇರೆ ಟೈಮಲ್ಲಿ ಮುಂಬೈ-ಗೋವಾ ಒಂದೆರಡು ರಾತ್ರಿ ಹೋಗಿ ಬನ್ನಿ. ಇದು ನನ್ನ ಗಟ್ಟಿ ಸಲಹೆ. ಅಲ್ಲೇ ತಲೆ ತಿರುಗಿ ವಾಂತಿ ಆದ್ರೆ ಮೂರು ದಿನ ಸಮುದ್ರದಲ್ಲಿರೋ ಕ್ರೂಸ್ ಬಗ್ಗೆ ಯೋಚನೆ ಮಾಡ್ಬೇಡಿ, ಅಥ್ವಾ ಡಾಕ್ಟರ್ ಹತ್ರ ಮಾತ್ರೆ ಬರೆಸ್ಕೊಂಡು ಹೋಗಿ.

ಕ್ಯಾಲೆಂಡರ್ ತೆಗೀರಿ

ಅಟ್ಲಾಂಟಿಕ್ಕಿನ ಹರಿಕೇನ್ ಸೀಸನ್ ಜೂನ್ 1ರಿಂದ ನವೆಂಬರ್ 30, ಅದ್ರಲ್ಲೂ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಜೋರು. ಸೆಪ್ಟೆಂಬರಲ್ಲಿ ರೇಟು ಬಿದ್ದಿರೋದು ಇದಕ್ಕೇ, ಆಫರ್ ನೋಡಿ ಹಿಗ್ಬೇಡಿ. ಚಂಡಮಾರುತ ಬಂದ್ರೆ ಹಡಗು ಮುಳುಗಲ್ಲ, ಬೇರೆ ದಾರಿ ಹಿಡಿಯುತ್ತೆ ಅಷ್ಟೇ. ನೀವು ದುಡ್ಡು ಕೊಟ್ಟ ಊರು ಬಿಟ್ಟು ಇನ್ನೊಂದು ಊರಿಗೆ ಕರ್ಕೊಂಡು ಹೋಗೋ ಹಕ್ಕು ಅವರ ಕಾಂಟ್ರಾಕ್ಟಲ್ಲೇ ಇರುತ್ತೆ, ನಿಮಗೆ ಸಿಗೋದು ಹೆಚ್ಚೂ ಕಮ್ಮಿ ಆ ಬಂದರಿನ ಟ್ಯಾಕ್ಸ್ ವಾಪಸ್. ಓವಲ್ ನೋಡ್ಲೇಬೇಕು ಅನ್ನೋ ಭಾವನಂಥವ್ರು ಸೆಪ್ಟೆಂಬರಲ್ಲಿ ಹೋಗ್ಲೇಬಾರ್ದು. ಅರೂಬಾ, ಬೊನೇರ್, ಕ್ಯುರಸಾವ್ ಮೂರು ದ್ವೀಪ ಮಾತ್ರ ದಕ್ಷಿಣಕ್ಕಿದ್ದು ಸಾಮಾನ್ಯವಾಗಿ ಹರಿಕೇನ್ ದಾರಿಯಿಂದ ಹೊರಗೆ, ಮಳೆಗಾಲದಲ್ಲೇ ರಜೆ ಸಿಗೋರು ಆ ರೂಟ್ ನೋಡಿ.

ಕ್ರಿಸ್‌ಮಸ್ ವಾರ ಮತ್ತು ಮಾರ್ಚಲ್ಲಿ ಅಮೆರಿಕದ ಕಾಲೇಜು ಮಕ್ಕಳ ರಜೆ ಟೈಮಲ್ಲಿ ರೇಟ್ ಆಕಾಶಕ್ಕೆ. ಏಪ್ರಿಲ್ ಕೊನೆ, ಮೇ ತಿಂಗಳು ಒಳ್ಳೇದು, ಮುಂಬೈ ಬೆವರಲ್ಲಿ ನೆನೆಯೋ ಹೊತ್ತಿಗೆ ಅಲ್ಲಿ ಗಲಾಟೆ ಇಳಿದಿರುತ್ತೆ.

ವೀಸಾ ಆಗದೆ ಪೂರ್ತಿ ದುಡ್ಡು ಕಟ್ಬೇಡಿ

ಪೋರ್ಟೊ ರಿಕೋ ಬೇರೆ ದೇಶ ಅಂದ್ಕೊಂಡು ಭಾವ ಖುಷಿಯಾಗಿದ್ರು, ಅದು ಅಮೆರಿಕದ್ದೇ. ಎರಡೂ ಕ್ರೂಸಿಗೆ ಅಮೆರಿಕದ ಬಿ1/ಬಿ2 ಅನ್ನೋ ವಿಸಿಟರ್ ವೀಸಾ ಬೇಕು, ಅದೂ ಮಲ್ಟಿಪಲ್ ಎಂಟ್ರಿ, ಯಾಕಂದ್ರೆ ಹಡಗು ಹೊರಗೆ ಹೋಗಿ ವಾಪಸ್ ಬರುತ್ತೆ. ಅರ್ಜಿ ಫೀಸು ತಲೆಗೆ 185 ಡಾಲರ್, ಇಂಟರ್‌ವ್ಯೂ ನಮ್ಮ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಅಮೆರಿಕನ್ ಕಾನ್ಸುಲೇಟಲ್ಲೇ, ಆದ್ರೆ ಡೇಟ್ ಸಿಗೋದೇ ಕಷ್ಟ, ಅದಕ್ಕೆ ಇದನ್ನೇ ಮೊದ್ಲು ಶುರು ಮಾಡಿ. ಅಮೆರಿಕದ ವೀಸಾ ಇದ್ರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ, ಬಾರ್ಬಡೋಸಿಗೆ ಭಾರತದವ್ರಿಗೆ ಪ್ರವಾಸಕ್ಕೆ ವೀಸಾನೇ ಬೇಡ. ಉಳಿದ ಒಂದೊಂದು ದ್ವೀಪಕ್ಕೂ "ಇಂಡಿಯನ್ ಪಾಸ್‌ಪೋರ್ಟಿಗೆ ಏನು ಬೇಕು" ಅಂತ ಕ್ರೂಸ್ ಕಂಪನಿಗೆ ಮೇಲ್ ಹಾಕಿ ಬರವಣಿಗೆಯಲ್ಲಿ ಉತ್ತರ ತರಿಸ್ಕೊಳ್ಳಿ. ಏಜೆಂಟ್ ಬಾಯಲ್ಲಿ ಹೇಳಿದ್ದು ಹತ್ತೋ ದಿನ ಕೌಂಟರಲ್ಲಿ ಕೆಲಸಕ್ಕೆ ಬರಲ್ಲ.

ಇನ್ನೊಂದು ವಿಷ್ಯ ಸುಮಾರು ಜನಕ್ಕೆ ಗೊತ್ತಿರಲ್ಲ. ನಿಮ್ಮ ಹಡಗು ಕೊಲಂಬಿಯಾದ ಕಾರ್ಟಹೇನಾ, ಪನಾಮಾದ ಕೊಲೋನ್ ಅಥ್ವಾ ಟ್ರಿನಿಡಾಡ್ ಕಡೆ ಹೋಗೋದಾದ್ರೆ ಯೆಲ್ಲೋ ಫೀವರ್ ಇಂಜೆಕ್ಷನ್ನಿನ ಸರ್ಟಿಫಿಕೇಟ್ ನೋಡ್ಕೊಳ್ಳಿ. ವಾಪಸ್ ಬಂದಾಗ ಕೇಳೋರು ನಮ್ಮ ಏರ್‌ಪೋರ್ಟಿನವ್ರೇ, ಇಲ್ದಿದ್ರೆ ಕ್ವಾರಂಟೈನ್. ಇಂಜೆಕ್ಷನ್ ತಗೊಂಡು 10 ದಿನ ಆದ್ಮೇಲೆ ಅದು ಚಾಲ್ತಿಗೆ ಬರೋದು. ನಮ್ಮ ಎರಡು ಪಟ್ಟೀಲೂ ಈ ಊರುಗಳಿರ್ಲಿಲ್ಲ, ಬಚಾವ್.

ರೇಟ್ ಲೆಕ್ಕ ಹಾಕೋದು

ಭಾವ ಬ್ಯಾಂಕಿನಲ್ಲಿ ರಿಟೈರ್ ಆದವ್ರು, ಇಲ್ಲಿ ಅವರದ್ದೇ ರಾಜ್ಯ. ಜಾಹೀರಾತಲ್ಲಿರೋ ರೇಟು ತಲೆಗೆ, ಅದೂ ಇಬ್ರು ಒಂದೇ ಕ್ಯಾಬಿನಲ್ಲಿ ಇದ್ರೆ. ಅದರ ಮೇಲೆ ಬಂದರಿನ ಟ್ಯಾಕ್ಸ್, ಆಮೇಲೆ ಗ್ರಾಚುಟಿ ಅಂತ, ಅಂದ್ರೆ ಹಡಗಿನ ಕೆಲಸದವ್ರ ಟಿಪ್ಸು, ದಿನಕ್ಕೆ ತಲೆಗೆ ಸುಮಾರು 16ರಿಂದ 20 ಡಾಲರ್ ತಾನಾಗೇ ಬಿಲ್ಲಿಗೆ ಸೇರುತ್ತೆ. 18.50 ಅಂತ ಹಿಡಿದ್ರೂ ಇಬ್ರಿಗೆ 7 ದಿನಕ್ಕೆ 259 ಡಾಲರ್! ಭಾವನ ಹಾಳೇಲಿದ್ದ ಲೆಕ್ಕ ಇಲ್ಲಿದೆ, ಅಂಕಿಗಳು ಉದಾಹರಣೆಗೆ ಹಿಡಿದದ್ದು, ನಿಮ್ಮದನ್ನ ನೀವು ಹಾಕ್ಕೊಳ್ಳಿ.

ಮೊದಲನೇದು: ಟಿಕೆಟ್ 1,700, ಟ್ಯಾಕ್ಸ್ 360, ಗ್ರಾಚುಟಿ 259, ಒಂದು ಫೋನಿಗೆ ವೈಫೈ 140, ಮೂರು ಊರಲ್ಲಿ ಹಡಗಿನವ್ರದ್ದೇ ಟೂರ್ 540. ಒಟ್ಟು 2,999 ಡಾಲರ್.

ಎರಡನೇದು: ಟಿಕೆಟ್ 2,100, ಟ್ಯಾಕ್ಸ್ 400, ಗ್ರಾಚುಟಿ 259, ವೈಫೈ 140, ಒಂದು ಬೋಟ್ ಟೂರ್ ಮತ್ತೆ ಟ್ಯಾಕ್ಸಿ ಸೇರಿ 350, ಮಯಾಮಿಯಿಂದ ಸ್ಯಾನ್ ವಾನ್‌ಗೆ ವಿಮಾನದ ಹೋಗಿ ಬರೋ ಖರ್ಚು 400. ಒಟ್ಟು 3,649.

ಟಿಕೆಟಲ್ಲಿ 400 ಇದ್ದ ವ್ಯತ್ಯಾಸ 650 ಆಯ್ತು ನೋಡಿ. ಭಾವ ಅಲ್ಲಿಗೇ ಬಿಡ್ಲಿಲ್ಲ, ನೆಲದ ಮೇಲೆ ಕಳೆಯೋ ಗಂಟೆಯಿಂದ ಭಾಗಿಸಿದ್ರು. ಮೊದಲನೇದ್ರಲ್ಲಿ ಮೂರು ಊರು, ಎಂಟೆಂಟು ಗಂಟೆ, 24. ಎರಡನೇದ್ರಲ್ಲಿ ಐದು ಊರು, ಒಂಬತ್ತೊಂಬತ್ತು, 45. ಗಂಟೆಗೆ 125 ಡಾಲರ್, 81 ಡಾಲರ್! ಪೆನ್ಸಿಲ್ ಕೆಳಗಿಟ್ಟು ಗೆದ್ದವರ ಹಾಗೆ ನಕ್ರು. ಅಕ್ಕ ಒಳಗಿಂದ್ಲೇ ಹೇಳಿದ್ಲು, "ನಾನು ಹಡಗಲ್ಲಿ ಕೂತ್ಕೊಳ್ಳೋಕೇ ಹೋಗೋದು, ನನ್ನ ಗಂಟೆ ಯಾಕೆ ಲೆಕ್ಕಕ್ಕಿಲ್ಲ?" ಅದೂ ಸರಿನೇ. ನಿಮಗೆ ಹಡಗು ಮುಖ್ಯ ಆದ್ರೆ ಈ ಭಾಗಾಕಾರ ತಿರುಗಾಮುರುಗಾ ಮಾಡಿ.

ಕುಡಿಯೋರಿದ್ರೆ ಒಂದು ಎಚ್ಚರಿಕೆ: ಎಷ್ಟೋ ಹಡಗಲ್ಲಿ ಒಬ್ರು ಡ್ರಿಂಕ್ಸ್ ಪ್ಯಾಕೇಜ್ ತಗೊಂಡ್ರೆ ಅದೇ ಕ್ಯಾಬಿನಿನ ಇನ್ನೊಬ್ಬ ದೊಡ್ಡವ್ರೂ ತಗೊಳ್ಲೇಬೇಕು. ಭಾವ ಸಂಜೆ ಎರಡು ಬಿಯರ್ ಕುಡಿಯೋಕೆ ಅಕ್ಕ ಏಳು ದಿನ ಲಿಂಬು ಸೋಡಾಕ್ಕೆ ಅಷ್ಟೇ ದುಡ್ಡು ಕೊಡೋದು ಅಂದ್ರೆ ಹುಚ್ಚು. ಬಿಡಿಬಿಡಿಯಾಗಿ ತಗೊಳ್ಳಿ. ಇಲ್ಲಿಂದ ಪ್ಯಾಕೇಜ್ ಬುಕ್ ಮಾಡಿದ್ರೆ ಟಿಸಿಎಸ್ ಅಂತ ಬುಕ್ ಮಾಡುವಾಗ್ಲೇ ವಸೂಲಿ ಮಾಡೋ ಟ್ಯಾಕ್ಸೂ ಕಟ್ ಆಗುತ್ತೆ, ಅದು ಇನ್‌ಕಮ್ ಟ್ಯಾಕ್ಸ್ ರಿಟರ್ನಲ್ಲಿ ಜಮಾ ಸಿಗುತ್ತೆ, ರಸೀದಿ ಇಟ್ಕೊಳ್ಳಿ.

ಕಾಲು, ಹೊಟ್ಟೆ, ನಿದ್ದೆ

ಅಕ್ಕನಿಗೆ ಮಂಡಿ ನೋವು ಉಂಟು. ಗ್ರ್ಯಾಂಡ್ ಕೇಮನ್ನಲ್ಲಿ ದೊಡ್ಡ ಹಡಗು ನಿಲ್ಲೋ ಧಕ್ಕೆನೇ ಇಲ್ಲ, ಹಡಗು ದೂರ ನಿಲ್ಸಿ ಟೆಂಡರ್ ಅನ್ನೋ ಸಣ್ಣ ಬೋಟಲ್ಲಿ ದಡಕ್ಕೆ ಬಿಡ್ತಾರೆ. ಗೇಟ್‌ವೇಯಿಂದ ಎಲಿಫೆಂಟಾಗೆ ಹೋಗುವಾಗ ಒಂದು ಬೋಟಿಂದ ಇನ್ನೊಂದಕ್ಕೆ ಕಾಲಿಡೋ ಕ್ಷಣ ಇದ್ಯಲ್ಲ, ಬೋಟ್ ಕೆಳಗಿಳಿದಾಗ ಕಾಲು ಮೇಲೆ, ಅದೇ. ಅಲೆ ಜೋರಿದ್ರೆ ಆ ಊರೇ ಕ್ಯಾನ್ಸಲ್. ಕೋಝುಮೆಲಲ್ಲಿ ಧಕ್ಕೆ ಇದೆ, ತೊಂದ್ರೆ ಇಲ್ಲ. ಇಷ್ಟು ಕೇಳಿದ ಅಕ್ಕ ಮೊದಲನೇ ಹಾಳೆನ ಸ್ವಲ್ಪ ದೂರ ಸರಿಸಿದ್ಲು.

ನಿಮ್ಮಷ್ಟಕ್ಕೇ ತಿರುಗೋಕೆ ಹೋದ್ರೆ ಹಡಗಿನ ಟೈಮನ್ನೇ ವಾಚಲ್ಲಿಟ್ಕೊಳ್ಳಿ, ಊರಿನ ಟೈಮ್ ಬೇರೆ ಇರ್ಬಹುದು. ಬೇಸಿಗೇಲಿ ಕೋಝುಮೆಲ್ ಮಯಾಮಿಗಿಂತ ಒಂದು ಗಂಟೆ ಹಿಂದೆ. ಹಡಗಿನವ್ರ ಟೂರಲ್ಲಿ ತಡ ಆದ್ರೆ ಸಾಮಾನ್ಯವಾಗಿ ಕಾಯ್ತಾರೆ, ನಿಮ್ಮ ಟ್ಯಾಕ್ಸಿ ಕೆಟ್ರೆ ಕಾಯಲ್ಲ.

ಊಟದ ಬಗ್ಗೆ ಜನ ಸುಮ್ನೆ ಹೆದರ್ತಾರೆ. ವೆಜ್, ಜೈನ್, ಏನೇ ಆದ್ರೂ ಬುಕ್ ಮಾಡುವಾಗ್ಲೇ ಬರೆಸಿ, ಹತ್ತಿದ ದಿನ ಡೈನಿಂಗ್ ಹಾಲಿನ ಹೆಡ್ ವೇಟರನ್ನ ಹುಡುಕಿ ಮಾತಾಡಿ. ಹಡಗುಗಳಲ್ಲಿ ಗೋವಾ, ಮಂಗಳೂರು, ಮುಂಬೈ ಹುಡುಗ್ರು ತುಂಬಾ ಇರ್ತಾರೆ. ನಮ್ಮ ಟೇಬಲ್ಲಿಗೆ ಬರ್ತಿದ್ದವ್ನು ಮಡ್ಗಾಂವ್ ಕಡೆಯವ್ನು, ನನ್ನ ಹೆಂಡ್ತಿ ಕೊಂಕಣಿಯಲ್ಲಿ ಎರಡು ಮಾತಾಡಿದ್ದೇ ತಡ ಮೂರನೇ ರಾತ್ರಿಯಿಂದ ಮೆನುನಲ್ಲಿಲ್ಲದ ದಾಲ್, ಅನ್ನ, ಹಸಿಮೆಣಸು ಬರೋಕೆ ಶುರು. ಅಂಟಂಟಾದ ಬಿಳಿ ಅನ್ನಕ್ಕೆ ನಾವು ಯಾವತ್ತೂ ಅಷ್ಟು ಖುಷಿ ಪಟ್ಟಿರ್ಲಿಲ್ಲ.

ಕ್ಯಾಬಿನ್ ವಿಷ್ಯದಲ್ಲಿ ನಾನು ಮೋಸ ಹೋದವ್ನು. "ಗ್ಯಾರಂಟಿ" ಅಂತ ಒಂದು ಕೆಟಗರಿ ಇರುತ್ತೆ, ರೇಟ್ ಕಮ್ಮಿ, ರೂಮ್ ನಂಬರ್ ಅವ್ರೇ ಕೊಡ್ತಾರೆ. ಕೊಟ್ರು, ಪೂಲ್ ಡೆಕ್ಕಿನ ನೇರ ಕೆಳಗೆ. ಬೆಳಿಗ್ಗೆ ಐದೂವರೆಗೆ ತಲೆ ಮೇಲೆ ಆರಾಮ ಕುರ್ಚಿಗಳನ್ನ ಎಳೆಯೋ ಸದ್ದು, ಕರ್ರ್ ಕರ್ರ್, ಏಳು ದಿನ. ಅದಕ್ಕೆ ಡೆಕ್ ಪ್ಲಾನ್ ತೆಗೆದು ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರೋ ಡೆಕ್ಕಲ್ಲಿ, ಹಡಗಿನ ಮಧ್ಯದಲ್ಲಿ ನಂಬರ್ ಆರಿಸ್ಕೊಳ್ಳಿ, ಅಲ್ಲಿ ಅಲ್ಲಾಟನೂ ಕಮ್ಮಿ. ಒಳಗಿನ ಕಿಟಕಿ ಇಲ್ಲದ ಕ್ಯಾಬಿನ್ ಅಂದ್ರೆ ಡೊಂಬಿವಲಿಯ ಒಂದು ರೂಮು-ಕಿಚನ್ನಿನ ಮನೆಗಿಂತ ಚಿಕ್ಕದು, ಐದು ಊರು ಸುತ್ತೋರಿಗೆ ಮಲಗೋಕೆ ಸಾಕು, ಮೂರು ದಿನ ಸಮುದ್ರದಲ್ಲಿ ಕೂತ್ಕೊಳ್ಳೋರಿಗೆ ಬಾಲ್ಕನಿ ಬೇಕೇ ಬೇಕು.

ಮುಂಬೈಯಿಂದ ಮಯಾಮಿಗೆ ನೇರ ವಿಮಾನ ಇಲ್ಲ, ದುಬೈ, ದೋಹಾ ಅಥ್ವಾ ನ್ಯೂಯಾರ್ಕ್ ಮೇಲೆ ಹೋಗ್ಬೇಕು, 20 ಗಂಟೆ ಮೇಲೇ ಆಗುತ್ತೆ. ಹಡಗು ಹೊರಡೋ ದಿನಾನೇ ಇಳಿಯೋ ಟಿಕೆಟ್ ಮಾಡಿಸ್ಬೇಡಿ, ಒಂದು ದಿನ ಮುಂಚೆ ತಲುಪಿ, ಸ್ಯಾನ್ ವಾನ್ ಆದ್ರೆ ಎರಡು ದಿನ ಮುಂಚೆ. ಅಲ್ಲಿ 1539ರಲ್ಲಿ ಕಟ್ಟೋಕೆ ಶುರು ಮಾಡಿದ ಎಲ್ ಮೊರ್ರೋ ಕೋಟೆ ಇದೆ, ಟೈಮ್ ಪಾಸ್ ಆಗುತ್ತೆ.

ಕೊನೆಗೆ ಏನಾಯ್ತು ಅಂದ್ರೆ ಇಬ್ರೂ ಎರಡನೇದಕ್ಕೇ ಒಪ್ಪಿದ್ರು, ಅಕ್ಕನ ಎರಡು ಷರತ್ತಿನ ಮೇಲೆ. ಒಂದು, ಬಾಲ್ಕನಿ ಕ್ಯಾಬಿನ್. ಎರಡು, ಆಂಟಿಗಾ ಮತ್ತೆ ಸೇಂಟ್ ಥಾಮಸಲ್ಲಿ ಅವಳು ಇಳಿಯಲ್ಲ, ಎಲ್ಲರೂ ಊರು ನೋಡೋಕೆ ಹೋದಾಗ ಖಾಲಿ ಹಡಗಲ್ಲಿ ಕಾಫಿ ಕುಡೀತಾ ಕೂರ್ತಾಳೆ, ಭಾವ ಒಬ್ರೇ ಸುತ್ತಿ ಬರ್ಬೇಕು. ವೀಸಾ ಬರೋ ತನಕ ವಾಪಸ್ ಸಿಗೋ ಡೆಪಾಸಿಟ್ ಮಾತ್ರ ಕಟ್ಟಿದಾರೆ. ಸೂಟ್‌ಕೇಸಲ್ಲಿ ಅಕ್ಕ ಈಗ್ಲೇ ಎಲೆಕ್ಟ್ರಿಕ್ ಕೆಟಲ್ ಮತ್ತೆ ಉಪ್ಪಿಟ್ಟಿನ ಪ್ಯಾಕೆಟ್ ತುಂಬಿದಾಳೆ. ಪ್ಯಾಕೆಟ್ ಬಿಡ್ತಾರೆ, ಕೆಟಲನ್ನ ಹತ್ತುವಾಗ್ಲೇ ತೆಗೆದಿಟ್ಕೊಂಡು ಇಳಿಯೋ ದಿನ ಕೊಡ್ತಾರೆ ಅಂತ ಮೂರು ಸಲ ಹೇಳಿದೆ. "ನೋಡೋಣ" ಅಂದ್ಲು.