ಅಡಿಕೆ ಗೋದಾಮಿನ ಗೋಡೆಯ ಮೇಲೆ ‘ಲಾಸ್ ಮೆನಿನಾಸ್’ ನೋಡುವ ಬಗೆ

ಸಾಗರ ತಾಲೂಕಿನ ಹಳ್ಳಿಶಾಲೆಗಳಲ್ಲಿ ಬಹಳ ವರ್ಷ ಚಿತ್ರಕಲೆ ಕಲಿಸಿದವನು ನಾನು. ನಿವೃತ್ತನಾಗುವ ಮುನ್ನ ಒಂದು ದಿನ ಒಂಬತ್ತನೆಯ ತರಗತಿಯ ಮಕ್ಕಳಿಗೆ, ಸ್ಪೇನಿನ ಆಸ್ಥಾನ ಚಿತ್ರಕಾರ ಡಿಯೇಗೋ ವೆಲಾಸ್ಕೆಸ್‌ನ ‘ಲಾಸ್ ಮೆನಿನಾಸ್’ ಎಂಬ ಅರಮನೆಯ ಚಿತ್ರವನ್ನು ತೋರಿಸಲು ಹೊರಟೆ. ಕೈಯಲ್ಲಿದ್ದದ್ದು ಅಂಗೈ ಅಗಲದ ಒಂದು ಜೆರಾಕ್ಸ್ ಪ್ರತಿ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಸಾರ್, ಇದರಲ್ಲಿ ಅರಮನೆ ಎಲ್ಲಿದೆ?” ಎಂದಳು. ಉತ್ತರ ಹೊಳೆಯಲಿಲ್ಲ. ತಪ್ಪು ಅವಳದಲ್ಲ. ಆಳೆತ್ತರದ ಎರಡು ಪಟ್ಟಿಗೆ ಹತ್ತಿರವಿರುವ ಚಿತ್ರವನ್ನು ಅಂಗೈಗೆ ಇಳಿಸಿದರೆ ಮೊದಲು ಮಾಯವಾಗುವುದೇ ಅರಮನೆ.

ಆ ಚಿತ್ರ ಇರುವ ಮ್ಯಾಡ್ರಿಡ್‌ಗೆ ನಾನು ಹೋದವನಲ್ಲ, ಹೋಗುವ ಅನುಕೂಲವೂ ಇಲ್ಲ. ಆದರೆ ಆ ಚಿತ್ರದ ಮುಂದೆ ನಿಂತಾಗ ಮೈಗೆ ಆಗುವ ಅನುಭವದ ಬಹುಪಾಲನ್ನು ಊರಿನಲ್ಲೇ ಕಟ್ಟಿಕೊಳ್ಳಬಹುದು. ನಾಲ್ಕು ವರ್ಷಗಳಿಂದ ಮಳೆಗಾಲದ ರಜೆಯಲ್ಲಿ ಆಸಕ್ತಿಯಿರುವ ಮಕ್ಕಳನ್ನು ಕೂಡಿಸಿಕೊಂಡು ಇದನ್ನು ಮಾಡುತ್ತಿದ್ದೇನೆ. ನೀವೂ ಮಾಡಿ.

ಮೊದಲು ಗೋಡೆ ಬೇಕು. ಚಿತ್ರದ ಎತ್ತರ 320.5 ಸೆಂಟಿಮೀಟರ್, ಅಗಲ 281.5. ನಮ್ಮ ಲೆಕ್ಕದಲ್ಲಿ ಹತ್ತೂವರೆ ಅಡಿ ಎತ್ತರ, ಒಂಬತ್ತು ಅಡಿ ಮೂರು ಅಂಗುಲ ಅಗಲ. ಮಲೆನಾಡಿನ ಹಳೆಯ ಮನೆಗಳಲ್ಲಿ ಇಷ್ಟು ಎತ್ತರದ ಬರಿಗೋಡೆ ಸಿಗುವುದು ಕಷ್ಟ. ನನಗೆ ಪಕ್ಕದ ಮನೆಯವರ ಅಡಿಕೆ ಗೋದಾಮಿನ ಗೋಡೆ ಸಿಕ್ಕಿತು. ಕೊಯ್ಲಿಗೆ ಮುಂಚೆ ಅದು ಖಾಲಿ ಇರುತ್ತದೆ, ಎತ್ತರ ಹನ್ನೆರಡು ಅಡಿ. ಶಾಲೆಯ ಸಭಾಂಗಣವೂ ಆಗುತ್ತದೆ. ಹೊರಗೋಡೆ ಬೇಡ, ಬೆಳಕು ವಿಪರೀತ. ಬಲಗಡೆ ಬಾಗಿಲೋ ಕಿಟಕಿಯೋ ಇರುವ ಒಳಗೋಡೆಯನ್ನೇ ಆರಿಸಿಕೊಳ್ಳಿ. ಕಾರಣ ಮುಂದೆ ಹೇಳುತ್ತೇನೆ.

ಬೇಕಾದ ಸಾಮಾನು ಅಳತೆಪಟ್ಟಿ, ಹುರಿಹಗ್ಗ, ಬಿಳಿ ಸೀಮೆಸುಣ್ಣ, ಏಣಿ, ಮುಖ ನೋಡುವ ಸಣ್ಣ ಕನ್ನಡಿ, ಮತ್ತು ಚಿತ್ರದ ಒಂದು ಬಣ್ಣದ ಪ್ರಿಂಟ್. ಪ್ರಿಂಟಿಗೆ ಸಿಕ್ಕಸಿಕ್ಕಲ್ಲಿಂದ ಚಿತ್ರ ತೆಗೆಯಬೇಡಿ. ಮೂಲ ಚಿತ್ರ ಇರುವ ಪ್ರಾಡೊ ಸಂಗ್ರಹಾಲಯದ ಜಾಲತಾಣದಲ್ಲೇ ದೊಡ್ಡದು ಸಿಗುತ್ತದೆ, ಬಣ್ಣ ಕೆಟ್ಟಿರುವುದಿಲ್ಲ.

ನೆಲದಿಂದ ಒಂದು ಅಡಿ ಬಿಟ್ಟು ಅಡಿಗೆರೆ ಹಾಕಿ, ಚೌಕಟ್ಟು ಎಳೆಯಿರಿ. ಮೂಲೆಗಳು ನೇರವಾಗಿವೆಯೇ ಎಂದು ತಿಳಿಯಲು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿಯಿರಿ. ಎರಡೂ ಕರ್ಣಗಳು ಹೆಚ್ಚುಕಡಿಮೆ ಸರಿಯಾಗಿ ಹದಿನಾಲ್ಕು ಅಡಿ ಬರಬೇಕು. ಬರದಿದ್ದರೆ ಅಳಿಸಿ ಮತ್ತೆ ಹಾಕಿ. ಓರೆಯಾದ ಚೌಕಟ್ಟಿನಲ್ಲಿ ಮುಂದಿನ ಕೆಲಸವೆಲ್ಲ ಹಾಳು.

ಇನ್ನು ಅಗಲವನ್ನು ಆರು ಭಾಗ, ಎತ್ತರವನ್ನು ಏಳು ಭಾಗ ಮಾಡಿ. ಸುಮಾರು ಒಂದೂವರೆ ಅಡಿಯ ನಲವತ್ತೆರಡು ಚೌಕಗಳಾಗುತ್ತವೆ. ಪ್ರಿಂಟಿನ ಮೇಲೂ ಪೆನ್ಸಿಲಿನಿಂದ ಅಷ್ಟೇ ಚೌಕ ಹಾಕಿ. ಚಿತ್ರ ಬಿಡಿಸುವ ಗೊಡವೆ ಬೇಡ. ಪ್ರಿಂಟಿನ ಯಾವ ಚೌಕದಲ್ಲಿ ಯಾರ ತಲೆ ಇದೆಯೋ ಗೋಡೆಯ ಅದೇ ಚೌಕದಲ್ಲಿ ಅದೇ ಪ್ರಮಾಣದ ಒಂದು ಸುತ್ತು ಹಾಕಿ, ಒಳಗೆ ಹೆಸರು ಬರೆಯಿರಿ. ಒಟ್ಟು ಹನ್ನೊಂದು ತಲೆ, ಒಂದು ನಾಯಿ.

ನಡುವೆ ಐದು ವರ್ಷದ ರಾಜಕುಮಾರಿ ಮಾರ್ಗರೀತಾ. ಅವಳ ಎರಡು ಪಕ್ಕದಲ್ಲಿ ಸೇವೆಯ ಹುಡುಗಿಯರಾದ ಮರಿಯಾ ಅಗುಸ್ತಿನಾ ಸರ್ಮಿಯೆಂತೊ ಮತ್ತು ಇಸಬೆಲ್ ದೆ ವೆಲಾಸ್ಕೊ. ‘ಮೆನಿನಾಸ್’ ಎಂದರೆ ಇವರೇ. ಬಲಗಡೆ ಕುಳ್ಳ ದೇಹದ ಮಾರಿ ಬಾರ್ಬೊಲಾ, ನಾಯಿಯ ಬೆನ್ನ ಮೇಲೆ ಕಾಲಿಟ್ಟ ನಿಕೊಲಾಸಿತೊ. ಅವರ ಹಿಂದೆ ನೆರಳಿನಲ್ಲಿ ಒಬ್ಬ ಹಿರಿಯ ಪರಿಚಾರಿಕೆ, ಒಬ್ಬ ಕಾವಲಿನವನು. ಎಡಗಡೆ ಕುಂಚ ಹಿಡಿದ ವೆಲಾಸ್ಕೆಸ್. ಕೊನೆಯ ಬಾಗಿಲಿನಲ್ಲಿ ಅರಮನೆಯ ಅಧಿಕಾರಿ ಹೊಸೆ ನಿಯೆತೊ. ಹಿಂಗೋಡೆಯ ಕನ್ನಡಿಯಲ್ಲಿ ರಾಜ ನಾಲ್ಕನೆಯ ಫೆಲಿಪೆ ಮತ್ತು ರಾಣಿ ಮರಿಯಾನಾ. ಎಡ ಅಂಚಿನಲ್ಲಿ ಉದ್ದಕ್ಕೂ ನಿಂತಿರುವುದು ವೆಲಾಸ್ಕೆಸ್ ಬಿಡಿಸುತ್ತಿರುವ ದೊಡ್ಡ ಕ್ಯಾನ್ವಾಸಿನ ಬೆನ್ನು.

ಸುತ್ತುಗಳನ್ನು ಹಾಕಿ ಮುಗಿಸಿ ಹಿಂದೆ ಸರಿದಾಗ ಮಕ್ಕಳು ತಾವಾಗಿಯೇ ಒಂದು ಮಾತು ಹೇಳುತ್ತಾರೆ: “ಮೇಲಿನ ಅರ್ಧ ಖಾಲಿ!” ಹೌದು. ಮನುಷ್ಯರೆಲ್ಲ ಹೆಚ್ಚುಕಡಿಮೆ ಕೆಳಗಿನ ಅರ್ಧದಲ್ಲೇ ಇದ್ದಾರೆ. ಮೇಲೆ ಐದು ಅಡಿಗೂ ಹೆಚ್ಚು ಕತ್ತಲು, ಮಸುಕಾದ ಚಿತ್ರಪಟಗಳು, ದೀಪ ತೂಗುಹಾಕುವ ಕೊಕ್ಕೆಗಳಿರುವ ಮಾಳಿಗೆ. ಆ ಹುಡುಗಿ ಕೇಳಿದ ಅರಮನೆ ಇದೇ. ಚಿನ್ನದ ಕಂಬಗಳಿಲ್ಲ, ಸಿಂಹಾಸನವಿಲ್ಲ. ಮಕ್ಕಳ ತಲೆಯ ಮೇಲೆ ಕವಿದಿರುವ ಎತ್ತರವಾದ ಕತ್ತಲೆಯ ಕೋಣೆ.

ಕೋಣೆ ಕಲ್ಪನೆಯದಲ್ಲ. ಮ್ಯಾಡ್ರಿಡ್‌ನ ಹಳೆಯ ಅರಮನೆ ಅಲ್ಕಾಸರ್‌ನಲ್ಲಿ ತೀರಿಹೋದ ಯುವರಾಜನ ವಾಸಸ್ಥಾನವಾಗಿದ್ದ ಭಾಗದ್ದು. ವೆಲಾಸ್ಕೆಸ್ 1656ರಲ್ಲಿ ಇದನ್ನು ಬಿಡಿಸಿದಾಗ ನಮ್ಮ ಬಿದನೂರಿನಲ್ಲಿ ಶಿವಪ್ಪ ನಾಯಕ ಆಳುತ್ತಿದ್ದ. ಇಬ್ಬರೂ ತೀರಿಕೊಂಡದ್ದು 1660ರಲ್ಲಿ. ಇದನ್ನು ಹೇಳಿದ ಮೇಲೆ ಮಕ್ಕಳಿಗೆ ಆ ಕಾಲ ಹತ್ತಿರವಾಗುತ್ತದೆ. ಇಸವಿಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಮೇಲು. ಅಲ್ಕಾಸರ್ 1734ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಬೆಂಕಿಗೆ ಆಹುತಿಯಾಯಿತು. ವೆಲಾಸ್ಕೆಸ್‌ನದೇ ‘ಮೊರಿಸ್ಕರ ಉಚ್ಚಾಟನೆ’ (ಮುಸ್ಲಿಂ ಮೂಲದ ಕ್ರೈಸ್ತರನ್ನು ಸ್ಪೇನಿನಿಂದ ಹೊರಗಟ್ಟಿದ್ದರ ಚಿತ್ರ) ಸೇರಿದಂತೆ ನೂರಾರು ಚಿತ್ರಗಳು ಸುಟ್ಟುಹೋದವು. ಲಾಸ್ ಮೆನಿನಾಸ್ ಪೆಟ್ಟು ತಿಂದರೂ ಉಳಿಯಿತು. ಇಂದು ಪ್ರವಾಸಿಗರು ನೋಡುವ ರಾಜಭವನ ಅದೇ ಜಾಗದಲ್ಲಿ 1738ರಿಂದ ಕಟ್ಟಿದ್ದು. ಚಿತ್ರದಲ್ಲಿರುವ ಕೋಣೆ ಈಗ ಚಿತ್ರದಲ್ಲಿ ಮಾತ್ರ ಇದೆ. ಕವಲೇದುರ್ಗದಲ್ಲಿ ಅರಮನೆಯ ಕಲ್ಲಿನ ತಳಪಾಯವನ್ನಷ್ಟೇ ಕಂಡು ಬಂದವರಿಗೆ ಈ ಮಾತಿನ ಭಾರ ಗೊತ್ತಾಗುತ್ತದೆ.

ಈಗ ಬೆಳಕು. ಚಿತ್ರದಲ್ಲಿ ಬೆಳಕು ಬಲಗಡೆಯ ಕಿಟಕಿಯಿಂದ ಬಂದು ರಾಜಕುಮಾರಿಯ ಮೇಲೆ ಬೀಳುತ್ತದೆ. ನಡುವಿನ ಭಾಗ ಕತ್ತಲು. ದೂರದ ಬಾಗಿಲಿನಲ್ಲಿ ಮತ್ತೆ ಬೆಳಕು. ನಿಮ್ಮ ಗೋಡೆಯ ಬಲಗಡೆಯ ಕಿಟಕಿಯೊಂದನ್ನೇ ತೆರೆದಿಟ್ಟು ಉಳಿದದ್ದನ್ನೆಲ್ಲ ಮುಚ್ಚಿ. ಮಲೆನಾಡಿನವರಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ. ಜಡಿಮಳೆಯ ದಿನ ಜಗಲಿಯಲ್ಲಿ ಕುಳಿತು ಒಳಗೆ ನೋಡಿ: ನಡುಮನೆ ಕತ್ತಲು, ಅದರಾಚೆ ಹಿತ್ತಿಲ ಬಾಗಿಲಿನ ಬೆಳಕಿನ ಚೌಕದಲ್ಲಿ ಯಾರೋ ನಿಂತಿರುತ್ತಾರೆ, ಬಂದರೋ ಹೊರಟರೋ ತಿಳಿಯುವುದಿಲ್ಲ. ಮೆಟ್ಟಿಲ ಮೇಲೆ ನಿಂತ ಹೊಸೆ ನಿಯೆತೊ ಅವರೇ. ಕೋಣೆಯ ಗೆರೆಗಳೆಲ್ಲ ಹೋಗಿ ಕೂಡುವುದು ಅವನ ಬಳಿಯಲ್ಲಿ, ಅವನ ಕೈಯ ಹತ್ತಿರ. ಮಾಳಿಗೆಯ ಅಂಚಿನ ಗೆರೆಯಿಂದ ಹಗ್ಗ ಹಿಡಿದು ಇದನ್ನು ಮಕ್ಕಳಿಂದಲೇ ಪರೀಕ್ಷೆ ಮಾಡಿಸಿ.

ನಂತರ ಕನ್ನಡಿಯ ಗುರುತಿನಲ್ಲಿ ನಿಜವಾದ ಕನ್ನಡಿ ತೂಗುಹಾಕಿ, ಹಳೆಯ ಮನೆಗಳಲ್ಲಿ ದೇವರ ಪಟ ಹಾಕುವಂತೆ ಸ್ವಲ್ಪ ಮುಂದಕ್ಕೆ ಬಾಗಿಸಿ. ಹತ್ತು ಹನ್ನೆರಡು ಅಡಿ ದೂರದಲ್ಲಿ ಒಬ್ಬರನ್ನು ನಿಲ್ಲಿಸಿ, ಕನ್ನಡಿಯಲ್ಲಿ ಅವರ ಮುಖ ಅವರಿಗೇ ಕಾಣುವವರೆಗೆ ಬಾಗು ಸರಿಪಡಿಸಿ. ಕಂಡ ಕ್ಷಣ ಅವರು ನಿಂತಿರುವುದು ರಾಜನ ಜಾಗದಲ್ಲಿ. ರಾಜಕುಮಾರಿ, ಮಾರಿ ಬಾರ್ಬೊಲಾ, ವೆಲಾಸ್ಕೆಸ್ ನೋಡುತ್ತಿರುವುದು ಅವರನ್ನೇ. ಕನ್ನಡಿಯಲ್ಲಿರುವುದು ನಿಂತ ರಾಜದಂಪತಿಯೋ, ಆ ದೊಡ್ಡ ಕ್ಯಾನ್ವಾಸಿನಲ್ಲಿ ಮೂಡುತ್ತಿರುವ ಅವರ ಚಿತ್ರವೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಎರಡನ್ನೂ ಮಕ್ಕಳಿಗೆ ಹೇಳಿ. ನನ್ನ ಮನಸ್ಸು ಮೊದಲನೆಯದರ ಕಡೆಗಿದೆ. ಗೋಡೆಯ ಮುಂದೆ ನಿಂತ ಮಗುವಿನ ಬೆನ್ನು ತಾನಾಗಿ ನೆಟ್ಟಗಾಗುವುದನ್ನು ಪ್ರತಿ ವರ್ಷ ನೋಡಿದ್ದೇನೆ.

ಇನ್ನು ಕುಂಚದ ಕೆಲಸ. ರಾಜಕುಮಾರಿಯ ಎದೆಯ ಮೇಲಿನ ಹೂವು, ತೋಳಿನ ಕಸೂತಿ, ಇಷ್ಟನ್ನೇ ದೊಡ್ಡದು ಮಾಡಿ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ. ಮೂಗು ತಾಗಿಸಿ ನೋಡಿದರೆ ಬರೀ ಬಣ್ಣದ ಬೀಸುಗಳು, ಹೂವೂ ಇಲ್ಲ, ರೇಷ್ಮೆಯೂ ಇಲ್ಲ. ಹನ್ನೆರಡು ಅಡಿ ಹಿಂದೆ ಬನ್ನಿ, ರೇಷ್ಮೆ ಮಿಂಚುತ್ತದೆ. ಇದರ ಪಕ್ಕದಲ್ಲಿ ನಮ್ಮ ಹಸೆ ಚಿತ್ತಾರವನ್ನು ಇಟ್ಟು ನೋಡಬೇಕು. ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆದ ಆ ಗೆರೆ ಹತ್ತಿರದಲ್ಲೂ ಗೆರೆ, ದೂರದಲ್ಲೂ ಗೆರೆ. ಎರಡೂ ಕೈಗಳು ದೊಡ್ಡವು. ಒಂದು ಗೆರೆಯನ್ನು ನಂಬುತ್ತದೆ, ಇನ್ನೊಂದು ನೋಡುವವರ ಕಣ್ಣನ್ನು.

ಸರ್ಮಿಯೆಂತೊ ಮಂಡಿಯೂರಿ ನೀಡುತ್ತಿರುವ ಕೆಂಪು ಮಣ್ಣಿನ ಪುಟ್ಟ ಹೂಜಿಯನ್ನು ಬಿಡಬೇಡಿ. ‘ಬುಕಾರೊ’ ಎನ್ನುತ್ತಾರೆ. ನೀರು ತಂಪಾಗಿ, ಮಣ್ಣಿನ ಘಮ ಹಿಡಿದು ಬರುತ್ತಿತ್ತು. ಆ ಕಾಲದ ಸ್ಪೇನಿನ ಸಿರಿವಂತ ಹೆಂಗಸರು ಹೂಜಿಯ ಮಣ್ಣನ್ನೇ ಕಡಿದು ತಿನ್ನುತ್ತಿದ್ದದ್ದೂ ಉಂಟು. ಈ ವಿಷಯ ಹೇಳಿದಾಗ, ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ಅಜ್ಜಿಯೊಬ್ಬರು ಬಸುರಿಯಾಗಿದ್ದಾಗ ತಾವು ಗೋಡೆಯ ಕೆಮ್ಮಣ್ಣು ಕೆರೆದು ತಿಂದದ್ದನ್ನು ನೆನೆದರು. ಅಂದು ಪಾಠ ಅರ್ಧ ಗಂಟೆ ಅಲ್ಲೇ ನಿಂತಿತು, ನಾನು ಮುಂದೆ ತಳ್ಳಲಿಲ್ಲ.

ವೆಲಾಸ್ಕೆಸ್‌ನ ಎದೆಯ ಮೇಲಿನ ಕೆಂಪು ಶಿಲುಬೆಯನ್ನು ಕೆಂಪು ಸೀಮೆಸುಣ್ಣದಲ್ಲಿ, ಎಲ್ಲಕ್ಕಿಂತ ಕೊನೆಗೆ ಹಾಕಿ. ಮೂಲದಲ್ಲೂ ಅದು ಆಮೇಲೆ ಬಂದದ್ದೇ. ಆ ಶಿಲುಬೆ ಯಾವುದರ ಗುರುತೋ ಆ ಸಂತಿಯಾಗೊ ವೀರಪದವಿ ಅವನಿಗೆ ಸಿಕ್ಕಿದ್ದು 1659ರಲ್ಲಿ, ಚಿತ್ರ ಮುಗಿದು ಮೂರು ವರ್ಷದ ಬಳಿಕ. ಅದಕ್ಕಾಗಿ, ಅವನು ಹೊಟ್ಟೆಪಾಡಿಗೆ ಚಿತ್ರ ಬಿಡಿಸುವ ಕಸುಬುದಾರನಲ್ಲ ಎಂದು ಸಾಕ್ಷಿಗಳು ಹೇಳಬೇಕಾಯಿತು. ಶ್ರೀಗಂಧ ಕೆತ್ತುವ ಗುಡಿಗಾರರ ನಾಡಿನಲ್ಲಿ ಹುಟ್ಟಿದ ನನಗೆ ಇದನ್ನು ಓದಿದಾಗ ನೋವಾಗುತ್ತದೆ. ಅಷ್ಟು ದೊಡ್ಡ ಕೈ ತನ್ನ ಕೆಲಸವನ್ನೇ ಕೆಲಸವಲ್ಲ ಎನ್ನಿಸಿಕೊಂಡು ಗೌರವ ಪಡೆಯಬೇಕಾಯಿತು. ಆದರೂ ಚಿತ್ರದಲ್ಲಿ ಅವನು ಕುಂಚವನ್ನು ಕೆಳಗಿಟ್ಟಿಲ್ಲ.

ಗೋಡೆ ಇನ್ನೂ ಒಂದು ವಾರ ನಿಮ್ಮ ಪಾಲಿಗಿದ್ದರೆ ಸ್ಪೇನಿನ ಇನ್ನೊಬ್ಬ ಚಿತ್ರಕಾರ ಗೋಯಾನ ‘ನಾಲ್ಕನೆಯ ಕಾರ್ಲೋಸ್‌ನ ಕುಟುಂಬ’ವನ್ನೂ ಹಾಕಿ. ಅದು 1800ರದು, 280 ಸೆಂಟಿಮೀಟರ್ ಎತ್ತರ, 336 ಅಗಲ. ಹಳೆಯ ಚೌಕಟ್ಟನ್ನು ಅಡ್ಡ ಮಲಗಿಸಿ ಅಗಲಕ್ಕೆ ಅರ್ಧ ಅಡಿ ಸೇರಿಸಿದರೆ ಆಯಿತು. ಗೋಯಾ ಯುವಕನಾಗಿದ್ದಾಗ ವೆಲಾಸ್ಕೆಸ್‌ನ ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ತೆಗೆದವನು. ಗುರುವಿನ ಹಾಗೆಯೇ ಎಡಗಡೆ ನೆರಳಿನಲ್ಲಿ, ಕ್ಯಾನ್ವಾಸಿನ ಹಿಂದೆ ತಾನೂ ನಿಂತಿದ್ದಾನೆ. ಇಲ್ಲಿ ಹಿಂಗೋಡೆಯಲ್ಲಿ ಕನ್ನಡಿಯಿಲ್ಲ, ಬಾಗಿಲಿಲ್ಲ. ಹದಿಮೂರು ರಾಜವಂಶದವರು ಸಾಲಾಗಿ ನಿಂತಿದ್ದಾರೆ. ಅವರಲ್ಲಿ ಒಬ್ಬಳು ಮುಖವನ್ನು ಪೂರ್ತಿ ಆಚೆ ತಿರುಗಿಸಿದ್ದಾಳೆ. ಯುವರಾಜನಿಗೆ ಇನ್ನೂ ನಿಶ್ಚಯವಾಗದ ವಧುವಿಗಾಗಿ ಇಟ್ಟ ಜಾಗ ಅದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅವಳ ಸುತ್ತಿನೊಳಗೆ ಹೆಸರು ಬರೆಯದೆ ಹಾಗೆಯೇ ಬಿಡಿ.